ಪೆನ್ಸಿಲ್ ಗೆರೆ

ಮಗಳ ಹಾಸಿಗೆ ಸರಿಮಾಡುವಾಗ ದಿಂಬಿನ ಕೆಳಗೆ ಒಂದು ಕಾದಂಬರಿ ಸಿಕ್ಕಿತು. ಹದಿಹರೆಯದವರ ಪ್ರೇಮಕಥೆ. ಸುಮ್ನೆ ತೆರೆದೆ. ನಿಂತಲ್ಲೇ ನಾಲ್ಕು ಅಧ್ಯಾಯ ಓದಿಬಿಟ್ಟೆ.

ಕಥೆಯ ಹುಡುಗಿ ಮಾತಿನಮಲ್ಲಿ. ಹುಡುಗ ಬಾಯಿ ಬಿಡದವನು. ಟೀಚರ್ ಇಬ್ಬರನ್ನೂ ಒಂದೇ ಪ್ರಾಜೆಕ್ಟ್‌ಗೆ ಹಾಕುತ್ತಾರೆ. ಮುಂದೇನು ಅಂತ ಎಲ್ಲರಿಗೂ ಗೊತ್ತು. ಆದರೂ ಪುಟ ತಿರುಗಿಸುತ್ತೀವಿ, ಅಲ್ವಾ?

ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ. ಅವಳ ಅಧ್ಯಾಯದಲ್ಲಿ ಅವನು ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಎಷ್ಟು ಜಂಬ ಇವನಿಗೆ ಅಂತ ಅವಳಿಗೆ ಸಿಟ್ಟು. ನನಗೂ ಬಂತು. ಪುಟ ತಿರುಗಿಸಿದರೆ ಅದೇ ಗಳಿಗೆ, ಅವನ ಕಡೆಯಿಂದ. ಮಾತಾಡಲು ಹೋಗಿ ತೊದಲಿಬಿಟ್ಟರೆ ಅನ್ನೋ ಹೆದರಿಕೆ ಅವನಿಗೆ. ಅಷ್ಟೇ.

ಆ ಸಾಲಿನ ಕೆಳಗೆ ಮಗಳು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾಳೆ. ತೆಳ್ಳಗೆ, ಯಾರಿಗೂ ಕಾಣಬಾರದು ಅನ್ನೋ ಹಾಗೆ.

ನನಗೆ ಆ ಗೆರೆ ತುಂಬಾ ಇಷ್ಟವಾಯಿತು. ಇಂಥ ಪುಸ್ತಕ ಓದಿದರೆ ಮಕ್ಕಳು ಕೆಡುತ್ತಾರೆ ಅನ್ನೋ ಮಾತು ನಾನು ಒಪ್ಪುವುದಿಲ್ಲ. ತನಗಿಂತ ಬೇರೆ ಥರ ಇರುವವರ ಮನಸ್ಸಿನೊಳಗೆ ಇಣುಕುವುದು 15ನೇ ವಯಸ್ಸಿಗೆ ಸಣ್ಣ ಕೆಲಸವಾ?

ಪುಸ್ತಕ ಇದ್ದಲ್ಲೇ ಇಟ್ಟೆ. ಐದನೇ ಅಧ್ಯಾಯ ಅವಳನ್ನೇ ಕೇಳಿ ಓದಬೇಕು.