ಕೀನ್ಯಾದ ಹಳ್ಳಿ ಶಾಲೆಗೆ ಕಂಪ್ಯೂಟರ್ ಹೇಳಿಕೊಡಲು ಹೋಗ್ತೀರಾ? ಲ್ಯಾಪ್‌ಟಾಪ್ ಹೊರಬೇಡಿ

ಕೀನ್ಯಾದ ಹಳ್ಳಿ ಶಾಲೆಗೆ ಹೋಗಿ ಕಂಪ್ಯೂಟರ್ ಹೇಳಿಕೊಡೋಣ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಬೇಡವಾದ ಲ್ಯಾಪ್‌ಟಾಪ್‌ಗಳನ್ನು ಸೂಟ್‌ಕೇಸಿಗೆ ತುರುಕಿಕೊಂಡು ಹೊರಡಬೇಡಿ. ನಾನು ಹೋಗಿದ್ದು ವಿಕ್ಟೋರಿಯಾ ಸರೋವರದ ಪಕ್ಕದ ಸಿಯಾಯ ಕೌಂಟಿಗೆ, ಬೊಂಡೊ ಊರಿನ ಸುತ್ತಮುತ್ತಲ ಶಾಲೆಗಳಿಗೆ. ಹೆಡ್‌ಮಾಸ್ಟರು ಕಬ್ಬಿಣದ ಜಾಲರಿ ಬಾಗಿಲಿನ ಬೀಗ ತೆಗೆದು ತೋರಿಸಿದರು. ಒಳಗೆ ಸಾಲಾಗಿ ಟ್ಯಾಬ್ಲೆಟ್‌ಗಳು! 2016ರಿಂದ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಇಂಥವನ್ನು ಹತ್ತು ಲಕ್ಷಕ್ಕೂ ಜಾಸ್ತಿ ಹಂಚಿದೆ. ಜೊತೆಗೆ ಮೇಷ್ಟ್ರುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ರೌಟರ್. ಕಳ್ಳರ ಭಯಕ್ಕೆ ಬೀಗ ಹಾಕಿದ್ದೇ ಹಾಕಿದ್ದು, ಎಷ್ಟೋ ಬ್ಯಾಟರಿಗಳು ಸತ್ತೇ ಹೋಗಿದ್ದವು. ಒಂದು ಲ್ಯಾಪ್‌ಟಾಪಿನ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಸೂಜಿಯಲ್ಲಿ ಕೆದಕಿ, ಊದಿ, ಕೇಬಲ್ ಹಾಕಿದೆ. ಹಸಿರು ದೀಪ ಮಿನುಗಿತು. ಹೆಡ್‌ಮಾಸ್ಟರ ಮುಖ ನೋಡಬೇಕಿತ್ತು.

ಇನ್ನು ದುಡ್ಡಿನ ವಿಷಯ. ನನ್ನನ್ನು ಕಳಿಸಿದ್ದು ಸ್ವಯಂಸೇವಕರನ್ನು ಶಾಲೆಗಳಿಗೆ ಜೋಡಿಸುವ ಒಂದು ಕಂಪನಿ. ಡಾಲರ್‌ನಲ್ಲಿ ಕಾರ್ಯಕ್ರಮ ಶುಲ್ಕ ಅಂತ ಕಿತ್ತುಕೊಂಡರು. ಅದರಲ್ಲಿ ಶಾಲೆಗೂ ಪಾಲಿದೆ ಅಂದಿದ್ದರು. ಶಾಲೆಯವರನ್ನು ಕೇಳಿದರೆ ಒಂದು ಶಿಲ್ಲಿಂಗೂ ಬಂದಿಲ್ಲ. ನಾನು ಬರುವ ವಿಷಯ ಗೊತ್ತಾಗಿದ್ದೇ ಹಿಂದಿನ ವಾರವಂತೆ. ಆಮೇಲೆ ಕಂಪನಿಯವರು ಗೊತ್ತುಮಾಡಿದ ರೂಮು. ಬಿಸಿನೀರಿಲ್ಲ, ಸೊಳ್ಳೆಪರದೆಯಲ್ಲಿ ಮುಷ್ಟಿ ಹಿಡಿಯುವಷ್ಟು ತೂತು. ಅದೇ ಬೀದಿಯಲ್ಲಿ ಅದರ ಮೂರನೇ ಒಂದು ಪಾಲು ಬಾಡಿಗೆಗೆ ಚೊಕ್ಕಟ ರೂಮು ಸಿಕ್ಕಿತು. ಹಾಗಾಗಿ ನೇರವಾಗಿ ಶಾಲೆಯ ಜೊತೆ ಮಾತಾಡಿ. ಹೆಡ್‌ಮಾಸ್ಟರುಗಳೆಲ್ಲ ವಾಟ್ಸಾಪಿನಲ್ಲಿ ಸಿಗುತ್ತಾರೆ. ಒಂದು ಮಾತು ಮಾತ್ರ ಮರೀಬೇಡಿ. ಆನ್‌ಲೈನಿನಲ್ಲಿ ಸಿಗುವ ಇಟಿಎ ಅನ್ನೋ ಪ್ರವೇಶ ಅನುಮತಿ ಪ್ರವಾಸಿಗರಿಗೆ. ಸಂಬಳ ಇಲ್ಲದೆ ಪಾಠ ಮಾಡಿದರೂ ಅದಕ್ಕೆ ಬೇರೆ ಪಾಸ್ ಬೇಕು. ಅದನ್ನು ಶಾಲೆಯ ಕಡೆಯಿಂದ ಮೊದಲೇ ಮಾಡಿಸಿಕೊಳ್ಳಿ.

ನೈರೋಬಿಯಿಂದ ಕಿಸುಮುಗೆ ರಾತ್ರಿ ಬಸ್ಸು ಪರವಾಗಿಲ್ಲ. ಕೆರಿಚೊ ಟೀ ತೋಟಗಳ ಹತ್ತಿರ ಚಳಿ ಕೊರೆಯುತ್ತದೆ, ಸ್ವೆಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅಸಲಿ ಕಷ್ಟ ಕಿಸುಮುವಿನಿಂದ ಬೊಂಡೊಗೆ. ಸುಮಾರು 60 ಕಿಲೋಮೀಟರ್, 14 ಸೀಟಿನ ಮಟಾಟು ವ್ಯಾನು. ತುಂಬಿದ ಮೇಲೇ ಹೊರಡುವುದು. ನಾನು ನೋಡಿದಾಗ ಎರಡೇ ಸೀಟು ಖಾಲಿ. ಖುಷಿಯಾಗಿ ಹತ್ತಿ ಕೂತು ದುಡ್ಡೂ ಕೊಟ್ಟೆ. ನನ್ನ ಹಿಂದೆ ಇನ್ನೊಬ್ಬ ಹತ್ತಿದ. ಪಕ್ಕದಲ್ಲಿದ್ದವನು ಮೆಲ್ಲಗೆ ಎದ್ದು ಇಳಿದ. ಇನ್ನೊಬ್ಬ ಬಂದ, ಇನ್ನೊಬ್ಬ ಇಳಿದ. ಗಾಡಿ ತುಂಬಿದ ಹಾಗೆ ಕಾಣಲಿ ಅಂತ ಕೂಲಿ ಕೊಟ್ಟು ಕೂರಿಸಿದ್ದವರು! ಅಷ್ಟು ಹೊತ್ತೂ ನನ್ನ ಕಿವಿಯ ಪಕ್ಕದ ಸ್ಪೀಕರ್ ಬಡಿದುಕೊಳ್ಳುತ್ತಿತ್ತು. ಕರೆಂಟ್ ಇಲ್ಲದಿದ್ದರೆ ಸಹಿಸುತ್ತೇನೆ, ಈ ಗಲಾಟೆ ಮಾತ್ರ ನನ್ನ ಕೈಲಾಗದು. ಲಗೇಜು ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತವರನ್ನು ನಂಬಿ. ಕೈ ಬೀಸಿಕೊಂಡು ಕೂತವರು ಬಹುಶಃ ಬಾಡಿಗೆ ಗಿರಾಕಿಗಳು. ಮಳೆ ಶುರುವಾದರೆ ದರವೂ ಏರುತ್ತದೆ, ಮೊದಲೇ ಕೇಳಿಕೊಂಡು ಹತ್ತಿ.

ಈ ಸಿಟ್ಟೆಲ್ಲ ಇಳಿದಿದ್ದು ಬೊಂಡೊ ಮಾರುಕಟ್ಟೆ ಹಿಂದಿನ ತಗಡಿನ ಶೆಡ್ಡಿನಲ್ಲಿ. ಒಬ್ಬ ಅಮ್ಮ ನಡೆಸುವ ಸಣ್ಣ ಹೋಟೆಲು, ಹೆಸರು ಬೋರ್ಡು ಏನೂ ಇಲ್ಲ. ಚಪಾತಿ ಅಲ್ಲಿ ದಿನದ ಊಟ. ರೈಲು ಹಾಕಲು ಬ್ರಿಟಿಷರು ನಮ್ಮ ದೇಶದ ಕೂಲಿಗಳನ್ನು ಕರೆದೊಯ್ದರಲ್ಲ, ಆ ಕಾಲದಿಂದ ಬಂದದ್ದು. 1901ರಲ್ಲಿ ಹಳಿ ಕಿಸುಮು ಮುಟ್ಟಿತು. ಆಕೆ ಹಿಟ್ಟನ್ನು ಲಟ್ಟಿಸಿ, ಎಣ್ಣೆ ಸವರಿ, ಹಗ್ಗದ ಹಾಗೆ ಸುತ್ತಿ, ಮತ್ತೆ ಲಟ್ಟಿಸುತ್ತಾಳೆ. ಬೇಯುತ್ತಿದ್ದ ಹಾಗೆ ಪದರ ಪದರವಾಗಿ ಬಿಡುತ್ತದೆ. ಜೊತೆಗೆ ಈರುಳ್ಳಿ, ಟೊಮೆಟೊ ಹಾಕಿ ಬೇಯಿಸಿದ ಕೆಂಪು ಬೀನ್ಸ್ ಕಾಳು, ಸುಕುಮಾ ವಿಕಿ ಸೊಪ್ಪಿನ ಪಲ್ಯ, ಹಾಲಿನಲ್ಲೇ ಕುದಿಸಿದ ಟೀ. ಖಾರ ಇರುವುದಿಲ್ಲ, ಉಪ್ಪಿನಕಾಯಿ ಪೊಟ್ಟಣ ಒಯ್ಯಿರಿ. ಬೆಳಿಗ್ಗೆ ಹೋದರೆ ರಾಗಿ ಗಂಜಿಯೂ ಸಿಗುತ್ತದೆ, ಉಜಿ ಅನ್ನುತ್ತಾರೆ. ಹೌದು, ನಮ್ಮದೇ ರಾಗಿ, ಸ್ವಲ್ಪ ಸಕ್ಕರೆ ಹಾಕಿ ಕೊಡುತ್ತಾರೆ. ಚಪಾತಿ 20 ಶಿಲ್ಲಿಂಗ್, ಅಂದರೆ ಹೆಚ್ಚು ಕಡಿಮೆ 13 ರೂಪಾಯಿ. ಹೊಟ್ಟೆ ಬಿರಿಯುವಷ್ಟು ತಿಂದರೂ ನೂರು ರೂಪಾಯಿ ದಾಟಲಿಲ್ಲ. ಸಸ್ಯಾಹಾರಿಗಳು ಏನು ತಿನ್ನೋದು ಅಂತ ಚಿಂತೆ ಮಾಡಬೇಡಿ, ಅಲ್ಲಿಗೇ ಹೋಗಿ. ಮೊಬೈಲಿನಿಂದಲೇ ಹಣ ಕಳಿಸುವ ಎಂ-ಪೆಸಾದಲ್ಲಿ ದುಡ್ಡು ಕೊಡಬಹುದು. ಪಾಸ್‌ಪೋರ್ಟ್ ತೋರಿಸಿ ಅಲ್ಲಿನ ಸಿಮ್ ತಗೊಂಡರೆ ಆಯಿತು.

ಪಾಠದ ವಿಷಯಕ್ಕೆ ಬಂದರೆ, ಮಕ್ಕಳಿಗಿಂತ ಮೊದಲು ಮೇಷ್ಟ್ರುಗಳನ್ನು ಹಿಡಿಯಿರಿ. ನೀವು ಹೊರಟ ಮೇಲೆ ಬೀಗ ತೆಗೆಯಬೇಕಾದವರು ಅವರೇ ಅಲ್ವಾ? ಕೋಡಿಂಗ್, ಎಐ ಅಂತ ಶುರುಮಾಡಿದರೆ ಆಕಳಿಸುತ್ತಾರೆ. ಅವರಿಗೆ ಬೇಕಾದ್ದು ಎರಡು. ಒಂದು, ಪರೀಕ್ಷೆ ಅಂಕಗಳನ್ನು ಎಕ್ಸೆಲ್‌ನಲ್ಲಿ ಕೂಡಿ ರ‍್ಯಾಂಕ್ ಹಾಕುವುದು. ಇನ್ನೊಂದು ಟಿಪ್ಯಾಡ್. ಶಿಕ್ಷಕರ ಸೇವಾ ಆಯೋಗಕ್ಕೆ ಆನ್‌ಲೈನಿನಲ್ಲಿ ತುಂಬಬೇಕಾದ ಕೆಲಸದ ಮೌಲ್ಯಮಾಪನ ಅದು. ಎಷ್ಟೋ ಜನ ಸೈಬರ್ ಅಂಗಡಿಯವನಿಗೆ ದುಡ್ಡು ಕೊಟ್ಟು, ತಮ್ಮ ಪಾಸ್‌ವರ್ಡನ್ನೂ ಕೊಟ್ಟು ತುಂಬಿಸುತ್ತಿದ್ದರು. ಅದನ್ನು ತಾವೇ ಮಾಡಿದ ದಿನದಿಂದ ತರಗತಿಗೆ ಜನ ತಾವಾಗೇ ಬಂದರು.

ಇಂಟರ್ನೆಟ್ ನಂಬಿಕೊಂಡು ಹೋಗಬೇಡಿ. ಕೊಲಿಬ್ರಿ ಮತ್ತು ಕಿವಿಕ್ಸ್ ಎರಡೂ ಉಚಿತ ತಂತ್ರಾಂಶಗಳು. ಮನೆಯಲ್ಲೇ ಪಾಠಗಳನ್ನೂ ವಿಕಿಪೀಡಿಯಾವನ್ನೂ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಅಲ್ಲಿ ಒಂದು ಲ್ಯಾಪ್‌ಟಾಪಿಗೆ ಹಾಕಿ ರೌಟರ್ ಮೂಲಕ ಹಂಚಿದರೆ, ಉಳಿದ ಮೆಷಿನ್‌ಗಳು ನೆಟ್ ಇಲ್ಲದೆ ಓದುತ್ತವೆ. ಕೀನ್ಯಾದ ಸಾಕೆಟ್‌ಗೆ ಚೌಕ ಕಡ್ಡಿಯ ಮೂರು ಪಿನ್ ಬೇಕು, ನಮ್ಮ ಪ್ಲಗ್ ಕೂರುವುದಿಲ್ಲ. ನಾಲ್ಕಾರು ಅಡಾಪ್ಟರ್, ಒಂದು ಸ್ಪೈಕ್ ಬಸ್ಟರ್, ಸಣ್ಣ ಸ್ಕ್ರೂಡ್ರೈವರ್ ಸೆಟ್. ಲ್ಯಾಪ್‌ಟಾಪ್ ಬದಲು ಇವನ್ನು ಹೊರಿ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಏನೂ ಸುತ್ತಬೇಡಿ, 2017ರಿಂದ ಅಲ್ಲಿ ನಿಷೇಧ.

ಹೋಗುವುದಿದ್ದರೆ ಜನವರಿ-ಫೆಬ್ರುವರಿ, ಇಲ್ಲವೇ ಜೂನ್-ಜುಲೈ. ಏಪ್ರಿಲ್, ಆಗಸ್ಟ್, ಡಿಸೆಂಬರ್‌ನಲ್ಲಿ ರಜೆ ಬರುತ್ತದೆ. ಅಕ್ಟೋಬರ್ ಆಚೆ ಪರೀಕ್ಷೆ ಗಡಿಬಿಡಿ. ಸರೋವರದ ಸುತ್ತ ಮಲೇರಿಯಾ ಜಾಸ್ತಿ, ಹೊರಡುವ ಮುಂಚೆ ಡಾಕ್ಟರನ್ನು ಕಂಡು ಮಾತ್ರೆ ಕೇಳಿ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಆ ಕಾರ್ಡಿಗೆ ಬೆಲೆ. ಅದಿಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಇಳಿದಾಗ ಲಗೇಜು ಕೈಗೆ ಬರುವ ಮುಂಚೆಯೇ ಕೇಳುತ್ತಾರೆ.