ಬಿಳಿಗಾರದ ಹರಳಿನಲ್ಲಿ ಇನ್ನೇನು ನೋಡುವುದಿದೆ?

ನಾನು ಬಿಳಿಗಾರದಂಥ (ಬೋರಾಕ್ಸ್) ಬೋರೇಟ್ ಖನಿಜಗಳ, ಅಂದರೆ ಬೋರಾನ್ ಮತ್ತು ಆಮ್ಲಜನಕ ಕೂಡಿದ ಖನಿಜಗಳ, ಸ್ಫಟಿಕ ರಚನೆಯನ್ನು ಅಧ್ಯಯನ ಮಾಡುತ್ತೇನೆ ಎಂದು ತಿಳಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಬಿಳಿಗಾರದ ಸೂತ್ರ ಶಾಲೆಯ ಪುಸ್ತಕದಲ್ಲೇ ಇದೆಯಲ್ಲ, ಇನ್ನೇನು ಹುಡುಕುತ್ತೀರಿ?"

ಆ ಸೂತ್ರವನ್ನೇ ನೋಡಿ: Na₂B₄O₇·10H₂O. ಅದರಲ್ಲಿ ಹತ್ತು ನೀರಿನ ಅಣುಗಳಿವೆ. ಹರಳಿಗೆ ಎಕ್ಸ್-ರೇ ಹಾಯಿಸಿ ಪರಮಾಣುಗಳ ಜಾಗ ಗುರುತಿಸಿದರೆ, ನೀರಾಗಿ ಇರುವುದು ಎಂಟೇ. ಉಳಿದೆರಡು ಬೋರಾನ್‌ಗೆ ಅಂಟಿದ ಹೈಡ್ರಾಕ್ಸಿಲ್‌ಗಳ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಪಾಲಾಗಿವೆ. ನಾಲ್ಕು ಬೋರಾನ್‌ಗಳಲ್ಲಿ ಎರಡಕ್ಕೆ ಸುತ್ತ ಮೂರು ಆಮ್ಲಜನಕ, ಇನ್ನೆರಡಕ್ಕೆ ನಾಲ್ಕು. ಅಕ್ಕಸಾಲಿಗರು ಬೆಸುಗೆಗೆ ಬಳಸುವ, ಲಡಾಖಿನ ಪೂಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳ ಬಳಿ ನೆಲದ ಮೇಲೆ ಹೆಪ್ಪುಗಟ್ಟುವ ಈ ವಸ್ತುವಿನ ಒಳಗು ಇಷ್ಟು ಅಚ್ಚುಕಟ್ಟು!

ಈಗ ಕರ್ನೈಟ್ ನೋಡಿ. 1926ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದ ಖನಿಜ. ಸೋಡಿಯಂ, ಬೋರಾನ್‌ಗಳ ಪ್ರಮಾಣ ಬಿಳಿಗಾರದಲ್ಲಿರುವಷ್ಟೇ, ನೀರು ಮಾತ್ರ ಕಡಿಮೆ. ಬಿಳಿಗಾರದಲ್ಲಿ ಬೋರೇಟ್ ಗುಂಪುಗಳು ಬಿಡಿಬಿಡಿಯಾಗಿವೆ. ಕರ್ನೈಟಿನಲ್ಲಿ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದ ಸರಪಳಿಗಳಾಗಿವೆ. ಹಾಗಾಗಿಯೇ ಅದು ಒಣ ಬಿದಿರಿನಂತೆ ಉದ್ದುದ್ದಕ್ಕೆ ಸೀಳುತ್ತದೆ, ತಣ್ಣೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಬಿಳಿಗಾರವೋ ಒಣ ಗಾಳಿಗೆ ನೀರು ಬಿಟ್ಟುಕೊಟ್ಟು ಮೇಲೆಲ್ಲ ಬಿಳಿ ಪುಡಿ ಕಟ್ಟುತ್ತದೆ. ಅಳತೆಗೆ ಕೂರಿಸುವ ಮೊದಲು ಅದರ ಹರಳಿಗೆ ಎಣ್ಣೆ ಸವರುವುದು ಅದಕ್ಕೇ.

ನನ್ನನ್ನು ಹಿಡಿದು ನಿಲ್ಲಿಸಿರುವುದು ಮಾತ್ರ ಜಲಜನಕ. ಕೋಲ್ಮನೈಟ್ ಎಂಬ ಕ್ಯಾಲ್ಸಿಯಂ ಬೋರೇಟಿನಲ್ಲಿ ಕೆಲವು ಜಲಜನಕ ಪರಮಾಣುಗಳಿಗೆ ಕೋಣೆಯ ಉಷ್ಣತೆಯಲ್ಲಿ ಒಂದು ಖಚಿತ ಜಾಗವಿಲ್ಲ. ಸೊನ್ನೆ ಡಿಗ್ರಿಗಿಂತ ಕೊಂಚ ಕೆಳಗೆ ತಣಿಸಿದರೆ ಅವು ಒಂದು ಕ್ರಮಕ್ಕೆ ಬರುತ್ತವೆ. ಹರಳಿನ ಸಮಮಿತಿ ಇಳಿದು, ಅದು ತಾನಾಗಿಯೇ ವಿದ್ಯುತ್ ಧ್ರುವೀಕರಣ ಪಡೆಯುತ್ತದೆ, ಅಂದರೆ ಅದರ ಒಂದು ಬದಿ ಧನ, ಇನ್ನೊಂದು ಬದಿ ಋಣವಾಗುತ್ತದೆ. ಇದನ್ನು ಯಾವ ರಾಸಾಯನಿಕ ಸೂತ್ರವೂ ಹೇಳದು.

ಆದರೆ ಒಂದೇ ಎಲೆಕ್ಟ್ರಾನ್ ಇರುವ ಜಲಜನಕ ಎಕ್ಸ್-ರೇಗೆ ಕಾಣುವುದೇ ಅಪರೂಪ. ಎಕ್ಸ್-ರೇ ಬದಲು ನ್ಯೂಟ್ರಾನ್‌ಗಳನ್ನು ಹಾಯಿಸಿದರೆ ಚೆನ್ನಾಗಿ ಕಾಣುತ್ತದೆ. ಅಲ್ಲಿ ಅಡ್ಡ ಬರುವುದು ಬೋರಾನ್: ಪ್ರಕೃತಿಯ ಬೋರಾನ್‌ನಲ್ಲಿ ಶೇ. 20ರಷ್ಟು ಬೋರಾನ್-10 ಎಂಬ ಹಗುರ ಬಗೆ (ಐಸೊಟೋಪ್), ನ್ಯೂಟ್ರಾನ್‌ಗಳನ್ನು ನುಂಗಿಬಿಡುವಂಥದ್ದು. ಪ್ರಯೋಗಾಲಯದಲ್ಲಾದರೆ ಅಷ್ಟಾಗಿ ನುಂಗದ ಬೋರಾನ್-11 ಮಾತ್ರ ಹಾಕಿ ಹರಳು ಬೆಳೆಸಬಹುದು. ನೆಲದಿಂದ ಬಂದ ಹರಳಿಗೆ ಆ ಉಪಾಯ ನಡೆಯದು. ಚಿಕ್ಕ ಹರಳನ್ನೇ ಆರಿಸಿ, ನುಂಗಿಹೋದದ್ದನ್ನು ಲೆಕ್ಕಹಾಕಿ ಸರಿದೂಗಿಸಬೇಕು.