ಬೆಟ್ಟ ಇಳಿದು ಹೊಳೆ ಹಿಡಿದದ್ದು

ಅಮೆರಿಕದ ಪೂರ್ವ ಭಾಗದ ಬೆಟ್ಟಸಾಲುಗಳ ಮೇಲೆ ಸಾಗುವ ಉದ್ದದ ಕಾಲುದಾರಿ ಅಪಲೇಷಿಯನ್ ಟ್ರೇಲ್. ಅದನ್ನು ನಡೆಯುವವರ ನಡುವೆ ಒಂದು ಹಳೇ ವಾದ ಇದೆ. ವರ್ಜೀನಿಯಾ ತಲುಪಿದ ಮೇಲೆ ಕೆಲವರು ಬೆಟ್ಟದ ದಾರಿ ಬಿಟ್ಟು ಕಣಿವೆಗೆ ಇಳಿದು, ಬಾಡಿಗೆಗೆ ಒಂದು ಕನೂ ದೋಣಿ ಹಿಡಿದು, ಅಷ್ಟು ದೂರವನ್ನು ಶೆನಂಡೋವಾ ನದಿಯ ಮೇಲೆ ದಾಟುತ್ತಾರೆ. ಇದಕ್ಕೆ ಆಕ್ವಾ ಬ್ಲೇಜಿಂಗ್ ಅಂತ ಹೆಸರು. ಆಕ್ವಾ ಅಂದರೆ ನೀರು. ಬ್ಲೇಜ್ ಅಂದರೆ ದಾರಿ ತೋರಿಸಲು ಮರಕ್ಕೆ ಬಳಿದ ಬಣ್ಣದ ಪಟ್ಟಿ, 5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ. ಬಿಳಿ ಪಟ್ಟಿ ಮುಖ್ಯ ದಾರಿಗೆ, ನೀಲಿ ಪಟ್ಟಿ ಕವಲು ದಾರಿಗೆ. ನೀರಿನ ಮೇಲೆ ಯಾವ ಪಟ್ಟಿಯೂ ಇರುವುದಿಲ್ಲ. ಹಾಗಾಗಿ ಬಿಳಿ ಪಟ್ಟಿಯನ್ನು ಒಂದೂ ತಪ್ಪಿಸದೆ ನಡೆಯುವವರು ಇದನ್ನು ಒಪ್ಪುವುದಿಲ್ಲ.

ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಇದನ್ನು ಮಾಡಿದೆವು. ಅದು ನಡಿಗೆಯ ಲೆಕ್ಕಕ್ಕೆ ಬರುವುದಿಲ್ಲ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೂ ಆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ಒಂದು ಸಲವಾದರೂ ಹೊಳೆಗೆ ಇಳಿಯಬೇಕು ಅಂತ ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಜಾಗದ ಪರಿಚಯ. ಟ್ರೇಲ್ ಒಟ್ಟು ಸುಮಾರು 3,500 ಕಿ.ಮೀ., ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್‌ನ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯಗಳಲ್ಲಿ. ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ವರ್ಜೀನಿಯಾ ಒಂದರಲ್ಲೇ ಇದೆ. ನಡೆದಷ್ಟೂ ಮುಗಿಯದ ರಾಜ್ಯ. ಪೂರ್ತಿ ಟ್ರೇಲ್ ನಡೆಯಲು ಐದಾರು ತಿಂಗಳು ಬೇಕು. ಕೆಲಸ, ವೀಸಾ, ಮನೆ ಇರುವ ನಮ್ಮಂಥವರಿಗೆ ಅದು ಆಗದ ಮಾತು, ಅದಕ್ಕೇ ತುಂಡು ತುಂಡಾಗಿ ನಡೆಯುತ್ತೇವೆ. ಈ ಸಲ ರೋನೋಕ್ ಹತ್ತಿರದ ಡೇಲ್‌ವಿಲ್‌ನಿಂದ ಹಾರ್ಪರ್ಸ್ ಫೆರಿವರೆಗೆ ಸುಮಾರು 475 ಕಿ.ಮೀ. ಹಿಡಿದಿದ್ದೆವು.

ಇಷ್ಟು ದಿನ ನಡೆದ ಮೇಲೆ ಒಂದು ವಿಚಿತ್ರ ಆಗುತ್ತದೆ. ಬೆಟ್ಟದ ಮೇಲೇ ಇರುತ್ತೀರಿ, ಆದರೆ ಬೆಟ್ಟ ಕಾಣುವುದಿಲ್ಲ. ಮೇ ತಿಂಗಳ ಹೊತ್ತಿಗೆ ಎಲೆಗಳು ದಟ್ಟವಾಗಿ ಮುಚ್ಚಿಕೊಳ್ಳುತ್ತವೆ. ಟ್ರೇಲ್‌ನವರು ಇದನ್ನು ಹಸಿರು ಸುರಂಗ ಅನ್ನುತ್ತಾರೆ. ಕಣ್ಣ ಮುಂದೆ ಇರುವುದು ಒಂದು ಅಡಿ ಅಗಲದ ಕಾಲುದಾರಿ, ಬೇರು, ಕಲ್ಲು, ಮತ್ತೆ ಬೇರು. ಎಲ್ಲೋ ಒಂದು ಬಂಡೆಯ ಮೇಲೆ ನಿಂತಾಗ ಕಣಿವೆ ತೆರೆದುಕೊಳ್ಳುತ್ತದೆ, ಹತ್ತು ನಿಮಿಷ ನೋಡಿ ಮತ್ತೆ ಸುರಂಗದೊಳಗೆ ಹೋಗಬೇಕು. ನಮ್ಮದು ತೀರ್ಥಹಳ್ಳಿ ಕಡೆ, ಕಾಡು ಹೊಸದಲ್ಲ. ಆದರೂ ನಾನು ನಡೆಯುತ್ತಿರುವ ಬೆಟ್ಟದ ಆಕಾರವೇ ಗೊತ್ತಿಲ್ಲವಲ್ಲ ಅನ್ನುವುದು ಒಳಗೊಳಗೆ ಕೊರೆಯುತ್ತಿತ್ತು.

ಜೊತೆಗೆ ತಮ್ಮನ ಮೊಣಕಾಲು. ದಿ ಪ್ರೀಸ್ಟ್ ಅಂತ ಒಂದು ಬೆಟ್ಟ ಇದೆ, ಅದರ ತುದಿಯಿಂದ ಟೈ ನದಿಗೆ ಒಂದೇ ಇಳಿತದಲ್ಲಿ 900 ಮೀಟರ್‌ಗೂ ಜಾಸ್ತಿ ಇಳಿಯಬೇಕು. ನದಿ ದಾಟಿದ ತಕ್ಷಣ ತ್ರೀ ರಿಜಸ್ ಏರಬೇಕು. ಅಲ್ಲಿಂದ ಅವನು ಇಳಿತಗಳಲ್ಲಿ ಹಲ್ಲು ಕಚ್ಚಿಕೊಂಡೇ ನಡೆಯುತ್ತಿದ್ದ. ವೇಯ್ನ್ಸ್‌ಬೊರೊದಲ್ಲಿ ಬಟ್ಟೆ ಒಗೆದುಕೊಂಡು, ಹೊಟ್ಟೆ ತುಂಬಾ ಉಂಡು, ಶೆನಂಡೋವಾ ನ್ಯಾಷನಲ್ ಪಾರ್ಕ್ ಒಳಗೆ ಹೊಕ್ಕೆವು. ಪಾರ್ಕಿನಲ್ಲಿ ಟ್ರೇಲ್ ಸ್ಕೈಲೈನ್ ಡ್ರೈವ್ ಅನ್ನುವ ರಸ್ತೆಯನ್ನು ಪದೇ ಪದೇ ದಾಟುತ್ತದೆ. ಒಂದು ಸಲ ಹಾಗೆ ದಾಟುವಾಗ ಪಶ್ಚಿಮಕ್ಕೆ ಕಣಿವೆ ಕಂಡಿತು, ಅದರ ನಡುವೆ ಹಾವಿನ ಹಾಗೆ ಹೊಳೆಯುವ ನೀರು. ತಮ್ಮ ಕೇಳಿದ, "ಅಣ್ಣಾ, ಈ ಹೊಳೆನೂ ಉತ್ತರಕ್ಕೇ ಹೋಗ್ತಾ ಇದೆ ಅಲ್ವಾ? ನಾವೂ ಅಲ್ಲಿಗೇ ಹೋಗೋದು."

ನಿಜವೇ. ಅದು ಶೆನಂಡೋವಾದ ಸೌತ್ ಫೋರ್ಕ್, ಅಂದರೆ ದಕ್ಷಿಣದ ಕವಲು. ಪೋರ್ಟ್ ರಿಪಬ್ಲಿಕ್ ಹತ್ತಿರ ಹುಟ್ಟಿ, ಪೂರ್ವಕ್ಕೆ ನಾವು ನಡೆಯುತ್ತಿದ್ದ ಬ್ಲೂ ರಿಜ್, ಪಶ್ಚಿಮಕ್ಕೆ ಮ್ಯಾಸನಟನ್ ಬೆಟ್ಟಸಾಲು, ಇವೆರಡರ ನಡುವೆ ಉತ್ತರಕ್ಕೆ ಹರಿದು ಫ್ರಂಟ್ ರಾಯಲ್‌ನಲ್ಲಿ ನಾರ್ತ್ ಫೋರ್ಕನ್ನು ಸೇರುತ್ತದೆ. ಅಲ್ಲಿಂದ ಒಂದೇ ನದಿಯಾಗಿ ಹಾರ್ಪರ್ಸ್ ಫೆರಿಯಲ್ಲಿ ಪೊಟೋಮ್ಯಾಕ್‌ಗೆ ಬೀಳುತ್ತದೆ. ಅಂದರೆ ಟ್ರೇಲ್ ಮೇಲೆ, ನದಿ ಕೆಳಗೆ, ಇಬ್ಬರೂ ಒಂದೇ ಊರಿಗೆ ಹೊರಟವರು. ಕೆಲವರು ಪೋರ್ಟ್ ರಿಪಬ್ಲಿಕ್ ಕಡೆಯಿಂದಲೇ ದೋಣಿ ಹತ್ತುತ್ತಾರೆ, ಆದರೆ ಆ ಮೇಲಿನ ಭಾಗದಲ್ಲಿ ಹಳೇ ಅಣೆಕಟ್ಟುಗಳಿವೆ, ಪ್ರತಿಯೊಂದರಲ್ಲೂ ದೋಣಿಯನ್ನು ದಡಕ್ಕೆ ಎಳೆದು, ಹೊತ್ತು, ಆಚೆ ಇಳಿಸಬೇಕು. ನಾವು ಥಾರ್ನ್‌ಟನ್ ಗ್ಯಾಪ್‌ನಲ್ಲಿ ಬೆಟ್ಟ ಇಳಿದು ಲೂರೇ ಊರಿಗೆ ಹೋಗಿ, ಅಣೆಕಟ್ಟುಗಳ ಕೆಳಗಿಂದ ಫ್ರಂಟ್ ರಾಯಲ್‌ವರೆಗೆ ದೋಣಿ ಹಿಡಿದೆವು.

ಇದನ್ನು ಅಡ್ಡದಾರಿ ಅಂದುಕೊಂಡವರಿಗೆ ಒಂದು ಮಾತು. ದೂರದ ಲೆಕ್ಕದಲ್ಲಿ ನದಿಯ ದಾರಿಯೇ ಉದ್ದ. ಬೆಟ್ಟದ ಮೇಲೆ ಥಾರ್ನ್‌ಟನ್ ಗ್ಯಾಪ್‌ನಿಂದ ಫ್ರಂಟ್ ರಾಯಲ್ ರಸ್ತೆಗೆ ಸುಮಾರು 44 ಕಿ.ಮೀ. ಅಷ್ಟೇ. ನದಿ ಅತ್ತ ಮ್ಯಾಸನಟನ್ ಬುಡಕ್ಕೆ ಹೋಗಿ, ಇತ್ತ ತಿರುಗಿ, ಮತ್ತೆ ಅತ್ತ ಹೋಗುತ್ತದೆ. ಮಧ್ಯಾಹ್ನ ಎಡಗಡೆ ನೋಡಿದ ಬಂಡೆಯನ್ನೇ ಸಂಜೆ ಬಲಗಡೆ ನೋಡಿದೆವು.

ದೋಣಿ ಬಾಡಿಗೆಗೆ ಕೊಟ್ಟ ಹೆಂಗಸು ದಡದಲ್ಲಿ ನಿಲ್ಲಿಸಿ ಪಾಠ ಮಾಡಿದರು. ಆ ಪಾಠ ನನಗೆ ಇಡೀ ಪ್ರಯಾಣದಲ್ಲಿ ಅತಿ ಬೆಲೆಯುಳ್ಳದ್ದು ಅನ್ನಿಸಿತು, ಅದಕ್ಕೇ ಪೂರ್ತಿ ಬರೆಯುತ್ತೇನೆ. ಹಿಂದೆ ಕೂತವರು ದೋಣಿ ತಿರುಗಿಸುವವರು, ಮುಂದೆ ಕೂತವರು ನೀರು ಓದುವವರು. ನೀರಿನ ಮೇಲೆ ಇಂಗ್ಲಿಷಿನ ವಿ ಅಕ್ಷರದಂಥ ಗೆರೆ ಕಂಡಾಗ ಅದರ ಚೂಪು ತುದಿ ಯಾವ ಕಡೆಗಿದೆ ನೋಡಬೇಕು. ತುದಿ ಕೆಳಕ್ಕೆ, ಹರಿವಿನ ಕಡೆಗೆ ಇದ್ದರೆ ಎರಡು ಕಲ್ಲುಗಳ ನಡುವೆ ನೀರು ನುಗ್ಗುತ್ತಿದೆ, ದಾರಿ ಅದೇ. ತುದಿ ನಮ್ಮ ಕಡೆಗೆ ಇದ್ದರೆ ಆ ತುದಿಯಲ್ಲೇ ಕಲ್ಲು ಕೂತಿದೆ, ತಪ್ಪಿಸಬೇಕು. ದೋಣಿ ಅಡ್ಡವಾಗಿ ಕಲ್ಲಿಗೆ ತಾಗಿದರೆ ಮನಸ್ಸು ಕಲ್ಲಿನಿಂದ ದೂರ ವಾಲು ಅನ್ನುತ್ತದೆ, ಹಾಗೆ ಮಾಡಿದರೆ ಮೇಲಿಂದ ಬರುವ ನೀರು ಒಳಗೆ ನುಗ್ಗಿ ದೋಣಿ ಮಗುಚಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಕಲ್ಲಿನ ಕಡೆಗೇ ವಾಲಬೇಕು, ಅದನ್ನು ತಬ್ಬಿಕೊಳ್ಳಬೇಕು. ನೀರಿಗೆ ಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಪಾದ ಕಲ್ಲುಗಳ ಸಂದಿಗೆ ಸಿಕ್ಕರೆ ಸೊಂಟದಷ್ಟು ನೀರೂ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ನೀರು ನಿಧಾನ ಆಗುವವರೆಗೆ ತೇಲಬೇಕು. ತುಂಗೆಯಲ್ಲಿ ಈಜು ಕಲಿತವರು ನಾವು, ನೀರಿನ ಭಯ ಇಲ್ಲ. ಆದರೆ ಕಾಲು ಸಿಕ್ಕಿಕೊಳ್ಳುವ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಊರಿನ ಮಕ್ಕಳಿಗೆ ಇದನ್ನು ಹೇಳಿಕೊಡಲೇಬೇಕು, ನಮ್ಮ ಹೊಳೆಗಳಲ್ಲೂ ಕಲ್ಲಿಗೆ ಕೊರತೆ ಇಲ್ಲ.

ಮೊದಲ ಅರ್ಧ ದಿನ ಬರೀ ಅಂಕುಡೊಂಕು. ಆಮೇಲೆ ಹುಟ್ಟು ಹಾಕುವ ಲಯ ಕೂಡಿ ಬಂತು. ನಾನು ಹಿಂದೆ, ತಮ್ಮ ಮುಂದೆ. "ಅಣ್ಣಾ ಬಲಕ್ಕೆ, ಬಲಕ್ಕೆ, ಸಾಕು, ಈಗ ನೇರ ಬಿಡು!" ನದಿಯ ತಳದಲ್ಲಿ ಕಲ್ಲಿನ ಏಣುಗಳು ಓರೆಯಾಗಿ ಅಡ್ಡ ಹಾಯ್ದಿವೆ. ಒಂದೊಂದರಲ್ಲೂ ನೀರು ಧುಮುಕುವ ಸಂದು ಎಲ್ಲಿದೆ ಅಂತ ಹುಡುಕಬೇಕು. ಈ ಭಾಗದಲ್ಲಿ ಎಲ್ಲರೂ ಹೆಸರು ಹೇಳುವುದು ಕಾಂಪ್ಟನ್ಸ್ ರ್‍ಯಾಪಿಡ್, ನೀರು ರಭಸವಾಗಿ ಇಳಿಯುವ ಜಾಗ, ಕಷ್ಟದ ಲೆಕ್ಕದಲ್ಲಿ ಎರಡನೇ ದರ್ಜೆಯದ್ದು. ಅದರಲ್ಲಿ ದೋಣಿಯ ಮೂತಿ ಕೆಳಗಿಳಿದು ನೀರು ತಮ್ಮನ ಎದೆಗೆ ರಪ್ಪಂತ ಬಡಿದಾಗ ಅವನು ಕೂಗಿದ ಕೂಗು ದಡದಲ್ಲಿ ಮೇಯುತ್ತಿದ್ದ ದನಗಳಿಗೂ ಕೇಳಿಸಿರಬೇಕು. ಎಷ್ಟೋ ದಿನ ಆಗಿತ್ತು ಅವನು ಹಾಗೆ ನಕ್ಕು.

ಇನ್ನು ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ. ಬೆಟ್ಟ ಕಂಡಿತು! ಬಲಕ್ಕೆ ಇಡೀ ಬ್ಲೂ ರಿಜ್, ಬುಡದಿಂದ ನೆತ್ತಿಯವರೆಗೆ. ಆ ನೆತ್ತಿಯ ಗೆರೆಯ ಮೇಲೇ ನಾವು ನಡೆದು ಬಂದದ್ದು. ಎಲ್ಲಿ ತಗ್ಗಿದೆಯೋ ಅಲ್ಲೆಲ್ಲ ಒಂದು ಗ್ಯಾಪ್. ಆ ತಗ್ಗಿಗೆ ಇಳಿದು ಮತ್ತೆ ಹತ್ತುವಾಗ ಬೈದುಕೊಂಡದ್ದು ನೆನಪಿತ್ತು. ಈಗ ಅದು ಆಕಾಶದ ಎದುರು ಎಷ್ಟು ಸಣ್ಣ ಬಾಗು! ಪಕ್ಕದ ಬೆಟ್ಟದಿಂದ ಇಳಿದ ತೊರೆಗಳು ಬಂದು ನದಿಗೆ ಸೇರುವುದನ್ನು ನೋಡುತ್ತಾ ಹೋದೆವು. ಮೇಲೆ ನಡೆಯುವವನಿಗೆ ನೀರು ಅಂದರೆ ಬಾಟಲಿ ತುಂಬಿಸಿಕೊಳ್ಳುವ ಒಂದು ಸಣ್ಣ ಒರತೆ, ಅಷ್ಟೇ. ಆ ಒರತೆಗಳೆಲ್ಲ ಎಲ್ಲಿಗೆ ಹೋಗುತ್ತವೆ ಅನ್ನುವುದು ಇಲ್ಲಿ ಕಾಣುತ್ತದೆ.

ಆದರೆ ಈ ನೀರನ್ನು ಕುಡಿಯುವ ಹಾಗಿಲ್ಲ. ಇದು ನನಗೆ ತುಂಬಾ ನೋವು ಕೊಟ್ಟ ಸಂಗತಿ. ನಾವು ಬಟ್ಟೆ ಒಗೆದುಕೊಂಡ ಅದೇ ವೇಯ್ನ್ಸ್‌ಬೊರೊದಲ್ಲಿ ಡುಪಾಂಟ್ ಕಂಪನಿಯ ಕಾರ್ಖಾನೆ ಇತ್ತು. ಕೃತಕ ನೂಲು ಮಾಡುವಾಗ 1929ರಿಂದ 1950ರವರೆಗೆ ಅಲ್ಲಿ ಪಾದರಸ ಬಳಸುತ್ತಿದ್ದರು. ಅದು ಸೌತ್ ರಿವರ್‌ಗೆ ಸೇರಿ, ಅಲ್ಲಿಂದ ಸೌತ್ ಫೋರ್ಕ್‌ಗೆ ಬಂತು. ಪಾದರಸ ಕೊಳೆಯುವುದಿಲ್ಲ, ತಾನಾಗಿ ಇಲ್ಲವಾಗುವುದಿಲ್ಲ. ಮಣ್ಣಿನಲ್ಲಿ ಕೂತು ಹುಳಕ್ಕೆ, ಹುಳದಿಂದ ಮೀನಿಗೆ ಏರುತ್ತದೆ. ಇಷ್ಟು ವರ್ಷ ಆದ ಮೇಲೂ ಇಲ್ಲಿಯ ಮೀನು ತಿನ್ನುವ ಬಗ್ಗೆ ಸರ್ಕಾರದ ಎಚ್ಚರಿಕೆ ಇದೆ. 2016ರಲ್ಲಿ ಕಂಪನಿ ಈ ಹಾನಿಗೆ ಪರಿಹಾರವಾಗಿ ಸುಮಾರು 5 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಇದರ ಜೊತೆಗೆ ಕಣಿವೆಯ ಹೊಲಗಳ ಗೊಬ್ಬರ, ದನಕರುಗಳ ಸಗಣಿ. ಟ್ರೇಲ್‌ನಲ್ಲಿ ಬಳಸುವ ಸಣ್ಣ ಫಿಲ್ಟರ್ ರೋಗಾಣುವನ್ನು ತಡೆಯುತ್ತದೆ, ಕರಗಿದ ವಿಷವನ್ನಲ್ಲ. ಆದ್ದರಿಂದ ಲೂರೇಯಲ್ಲೇ ನಲ್ಲಿ ನೀರು ಕ್ಯಾನುಗಳಲ್ಲಿ ತುಂಬಿಕೊಂಡಿದ್ದೆವು. ನೀರಿನ ಮೇಲೆ ಕೂತು ನೀರು ಹೊತ್ತುಕೊಂಡು ಹೋಗುವ ಸ್ಥಿತಿ ಯಾವ ನದಿಗೂ ಬರಬಾರದು.

ದೋಣಿಯಲ್ಲಿ ಭಾರದ ಚಿಂತೆ ಇಲ್ಲ ಅನ್ನುವುದು ದೊಡ್ಡ ಸುಖ. ಬೆನ್ನ ಮೇಲೆ ಹೊರುವಾಗ ಹಲ್ಲುಜ್ಜುವ ಬ್ರಷ್‌ನ ಹಿಡಿಯನ್ನೂ ಮುರಿಯುವ ಜನ ಇದ್ದಾರೆ. ಇಲ್ಲಿ ನಾವು ಲೂರೇಯ ಅಂಗಡಿಯಿಂದ ಟೊಮೆಟೊ, ಈರುಳ್ಳಿ, ಅಕ್ಕಿ, ಒಂದು ಒಳ್ಳೆ ಪಾತ್ರೆ ಎಲ್ಲ ಹಾಕಿಕೊಂಡೆವು. ಸಾರಿನ ಪುಡಿ ಅಮ್ಮ ಕಳಿಸಿದ್ದು ಬ್ಯಾಗಿನಲ್ಲೇ ಇತ್ತು. ಎಡದಡದಲ್ಲಿ ಸ್ವಲ್ಪ ದೂರ ನ್ಯಾಷನಲ್ ಫಾರೆಸ್ಟ್ ಜಾಗ, ಅಲ್ಲಿ ಟೆಂಟ್ ಹಾಕಬಹುದು. ಉಳಿದದ್ದು ಹೆಚ್ಚಿನದೆಲ್ಲ ಖಾಸಗಿ ಜಮೀನು, ಕೇಳದೆ ಇಳಿಯಬಾರದು. ಆ ರಾತ್ರಿ ಬಿಸಿ ಅನ್ನ, ಟೊಮೆಟೊ ಸಾರು. ವಾರಗಟ್ಟಲೆ ಪುಡಿ ಆಲೂಗಡ್ಡೆ ತಿಂದ ಬಾಯಿಗೆ ಅದು ಏನಾಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ಬೆಳಗ್ಗೆ ಎದ್ದರೆ ಭುಜ ಎತ್ತಲಾಗದಷ್ಟು ನೋವು, ತಮ್ಮನ ಮೊಣಕಾಲು ಮಾತ್ರ ಹಗುರ.

ಫ್ರಂಟ್ ರಾಯಲ್‌ನಲ್ಲಿ ದೋಣಿ ಒಪ್ಪಿಸಿ ಮತ್ತೆ ಬಿಳಿ ಪಟ್ಟಿ ಹಿಡಿದೆವು. ಅಲ್ಲಿಂದ ಮುಂದೆ ರೋಲರ್ ಕೋಸ್ಟರ್ ಅಂತ ಕರೆಯುವ 20 ಕಿ.ಮೀ. ದಾಟುವ ಏರಿಳಿತ ಇದೆ, ಅದನ್ನೂ ಮುಗಿಸಿ ಹಾರ್ಪರ್ಸ್ ಫೆರಿ ಸೇರಿದೆವು.

ಈಗ ಲೆಕ್ಕದ ವಿಷಯ. ಇಡೀ ಟ್ರೇಲ್ ನಡೆದವರನ್ನು ಹಾರ್ಪರ್ಸ್ ಫೆರಿಯಲ್ಲಿರುವ ಅಪಲೇಷಿಯನ್ ಟ್ರೇಲ್ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಗುರುತಿಸಿ ದಾಖಲಿಸುತ್ತದೆ. ಯಾರೂ ಹಿಂದೆ ಬಂದು ಪರೀಕ್ಷೆ ಮಾಡುವುದಿಲ್ಲ, ನಮ್ಮ ಮಾತಿನ ಮೇಲೆ ನಂಬಿಕೆ, ಅಷ್ಟೇ. ಯಾವ ಕ್ರಮದಲ್ಲಿ, ಎಷ್ಟು ವರ್ಷದಲ್ಲಿ ನಡೆದಿರಿ ಅಂತಲೂ ಕೇಳುವುದಿಲ್ಲ. ಆದರೆ ದೋಣಿಯಲ್ಲಿ ಹೋದದ್ದನ್ನು ನಡೆದದ್ದು ಅಂತ ಬರೆಯುವ ಹಾಗಿಲ್ಲ. ಹೀಗಿರುವುದೇ ಸರಿ. ಚೆಂದ ಏನೆಂದರೆ ಇದೇ ಟ್ರೇಲ್‌ನಲ್ಲಿ ದೋಣಿಯೇ ಅಧಿಕೃತ ದಾರಿ ಆಗಿರುವ ಒಂದು ಜಾಗವೂ ಇದೆ. ಮೇಯ್ನ್‌ನಲ್ಲಿ ಕೆನೆಬೆಕ್ ನದಿ. ಮೇಲೆ ವಿದ್ಯುತ್ ಅಣೆಕಟ್ಟು, ಯಾವಾಗ ನೀರು ಬಿಡುತ್ತಾರೆ ಹೇಳಲಾಗದು. 1985ರಲ್ಲಿ ನಡೆದು ದಾಟಲು ಹೋದವರೊಬ್ಬರು ಮುಳುಗಿ ತೀರಿಕೊಂಡರು. 1987ರಿಂದ ಅಲ್ಲಿ ಕನೂ ದೋಣಿಯಲ್ಲಿ ದಾಟಿಸುತ್ತಾರೆ. ಆ ದೋಣಿಯ ತಳದಲ್ಲಿ ಬಿಳಿ ಪಟ್ಟಿ ಬಳಿದಿದ್ದಾರೆ.

ನಾವು ಬಿಟ್ಟ 44 ಕಿ.ಮೀ. ಬಾಕಿ ಅಂತಲೇ ಬರೆದಿಟ್ಟು, ಅಕ್ಟೋಬರ್‌ನಲ್ಲಿ ಹೋಗಿ ನಡೆದೆವು. ಎಲೆ ಉದುರಲು ಶುರುವಾಗಿತ್ತು. ಹಾಗ್‌ಬ್ಯಾಕ್ ಬೆಟ್ಟದ ಬಳಿ ನಿಂತರೆ ನದಿಯ ತಿರುವುಗಳು ಒಂದರ ಹಿಂದೆ ಒಂದು ಕಾಣುತ್ತವೆ. ಮೇಲಿಂದ ನೋಡುವ ಉಳಿದವರಿಗೆ ಅದೊಂದು ಒಳ್ಳೆ ನೋಟ. ನಾವು ಮಾತ್ರ ಅಲ್ಲಿ ಬಹಳ ಹೊತ್ತು ಚರ್ಚೆ ಮಾಡಿದೆವು, ಸಾರು ಮಾಡಿದ್ದು ಯಾವ ತಿರುವಿನಲ್ಲಿ, ಕಾಂಪ್ಟನ್ಸ್ ಎಲ್ಲಿ ಅಂತ. ಎರಡೂ ದಾರಿ ಮಾಡಿದವರಿಗೆ ಮಾತ್ರ ಸಿಗುವ ಚರ್ಚೆ ಅದು. ಆದ್ದರಿಂದ ನಾನು ಹೇಳುವುದು, ನಡಿಗೆಯ ಬದಲಿಗೆ ದೋಣಿ ಅಲ್ಲ, ನಡಿಗೆಯ ಜೊತೆಗೆ ದೋಣಿ.

ಹೋಗುವವರಿಗೆ ಎರಡು ಮಾತು. ಹೊರಡುವ ಮುಂಚೆ ಲೂರೇ ಮತ್ತು ಫ್ರಂಟ್ ರಾಯಲ್ ಮಾಪನ ಕೇಂದ್ರಗಳ ನೀರಿನ ಮಟ್ಟ ನೋಡಿ, ಅಮೆರಿಕದ ಭೂವಿಜ್ಞಾನ ಇಲಾಖೆ ಅದನ್ನು ಎಲ್ಲರಿಗೂ ಸಿಗುವ ಹಾಗೆ ಹಾಕುತ್ತದೆ. ಬೇಸಿಗೆಯ ಕೊನೆಯಲ್ಲಿ ನೀರು ಕಮ್ಮಿಯಾಗಿ ದೋಣಿ ತಳ ತಾಗುತ್ತಲೇ ಇರುತ್ತದೆ, ಮಳೆ ಬಂದ ಮೇಲೆ ಬೇಗ ಏರುತ್ತದೆ. ತಗ್ಗು ಸೇತುವೆಗಳು ಕಂಡರೆ ದೂರದಲ್ಲೇ ದಡ ಹಿಡಿಯಿರಿ. ನೀರು ಅದರ ಅಡಿಗೆ ನುಗ್ಗುವಾಗ ದೋಣಿಯನ್ನೂ ನಿಮ್ಮನ್ನೂ ಒತ್ತಿ ಹಿಡಿಯುತ್ತದೆ. ಬ್ಯಾಗನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ದೋಣಿಗೆ ಕಟ್ಟಿ. ಲೈಫ್ ಜಾಕೆಟ್ ಸೆಖೆ ಅಂತ ಬಿಚ್ಚಬೇಡಿ.

ಫ್ರಂಟ್ ರಾಯಲ್‌ನಿಂದ ಹಾರ್ಪರ್ಸ್ ಫೆರಿಯವರೆಗಿನ ನದಿ ನಮಗೆ ಇನ್ನೂ ಬಾಕಿ. ಅದರ ಕೊನೆಯಲ್ಲಿ ಬುಲ್ ಫಾಲ್ಸ್, ಸ್ಟೇರ್‌ಕೇಸ್ ಅನ್ನುವ ಜೋರು ಇಳಿತಗಳಿವೆ, ನಮ್ಮ ಈಗಿನ ಕೈಗೆ ಅವು ಜಾಸ್ತಿಯೇ. ಸಾಮಾನು ತುಂಬಿದ ದೋಣಿಯಲ್ಲಿ ಬರುವ ಹೆಚ್ಚಿನವರು ಅದಕ್ಕೂ ಮೊದಲೇ ದಡ ಸೇರುತ್ತಾರೆ. ತಮ್ಮ ಈ ಚಳಿಗಾಲದಲ್ಲಿ ಈಜುಕೊಳದಲ್ಲಿ ದೋಣಿ ಪಾಠಕ್ಕೆ ಸೇರುತ್ತೇನೆ ಅನ್ನುತ್ತಿದ್ದಾನೆ, ನಾನೂ ಸೇರುತ್ತೇನೆ. ನೀರು ಸರಿಯಾಗಿದ್ದರೆ ಮೇ ತಿಂಗಳಲ್ಲಿ ಹೊರಡುತ್ತೇವೆ.